ಟೈಟನ್‌ಫಾಲ್ 2: ಒಂಟಿಯಾಗಿಯೂ ಆನ್‌ಲೈನ್‌ನಲ್ಲಿಯೂ ಆಡಿದ ಅನುಭವ

2016ರ ಅಕ್ಟೋಬರ್‌ನಲ್ಲಿ, ಎರಡು ಭಾರೀ ಯುದ್ಧದ ಆಟಗಳ ಬಿಡುಗಡೆಯ ನಡುವೆ ಸಿಕ್ಕಿಕೊಂಡು ಬಂದ ವಿಡಿಯೊ ಆಟವಿದು. ಆ ಗದ್ದಲದಲ್ಲಿ ಇದಕ್ಕೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. 2020ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂದ ಮೇಲೆ ಕೊಂಡುಕೊಂಡ ನಾನು ಇಂದಿಗೂ ಇದನ್ನು ಕಂಪ್ಯೂಟರ್‌ನಿಂದ ತೆಗೆದಿಲ್ಲ. ಓಟದ ಸುಖವನ್ನು ಇಷ್ಟು ಚೆನ್ನಾಗಿ ಕೊಡುವ ಇನ್ನೊಂದು ಶೂಟಿಂಗ್ ಆಟ ನನಗೆ ಸಿಕ್ಕಿಲ್ಲ.

ಗೋಡೆಯ ಮೇಲೆ ಓಡಿ, ಅಲ್ಲಿಂದ ಚಿಮ್ಮಿ, ಗಾಳಿಯಲ್ಲೇ ಇನ್ನೊಮ್ಮೆ ಜಿಗಿದು, ನೆಲ ಮುಟ್ಟುತ್ತಲೇ ಜಾರಿದರೆ ವೇಗ ಕುಗ್ಗುವುದಿಲ್ಲ. ಬೆರಳುಗಳಿಗೆ ಇದು ರೂಢಿಯಾದ ಮೇಲೆ ಬೇರೆ ಆಟಗಳಲ್ಲಿ ಕಾಲು ಕಟ್ಟಿಹಾಕಿದಂತಾಗುತ್ತದೆ.

ಇದನ್ನು ಕಲಿಯಲು ಒಂಟಿ ಆಟವೇ ಸರಿ. ಜಾಕ್ ಕೂಪರ್ ಎಂಬ ಸಾಮಾನ್ಯ ಸೈನಿಕನಿಗೆ, ಟೈಫನ್ ಗ್ರಹದಲ್ಲಿ ಸಾಯುತ್ತಿರುವ ಪೈಲಟ್ ಒಬ್ಬ ಬಿಟಿ-7274 ಎಂಬ ಟೈಟನ್ ಅನ್ನು, ಅಂದರೆ ಪೈಲಟ್ ಒಳಗೆ ಕೂತು ನಡೆಸುವ ದೈತ್ಯ ಯುದ್ಧಯಂತ್ರವನ್ನು, ಒಪ್ಪಿಸುತ್ತಾನೆ. ಮಾತನ್ನು ಅಕ್ಷರಶಃ ಹಿಡಿಯುವ ಈ ಯಂತ್ರದ ಮೇಲೆ ನನಗೆ ನಿಜವಾದ ಅಕ್ಕರೆ ಹುಟ್ಟಿತು. ಖಳರು ಮಾತ್ರ ತೀರಾ ಪೇಲವ. ಒಬ್ಬೊಬ್ಬರೂ ಬಂದು ಸೋತು ಹೋಗುತ್ತಾರೆ, ಅಷ್ಟೇ.

‘ಎಫೆಕ್ಟ್ ಆ್ಯಂಡ್ ಕಾಸ್’ ಎಂಬ ಹಂತವೊಂದಕ್ಕಾಗಿಯೇ ಆಟವನ್ನು ಕೊಳ್ಳಬಹುದು. ಪಾಳುಬಿದ್ದ ಪ್ರಯೋಗಾಲಯದಲ್ಲಿ ಕೈಗೆ ಒಂದು ಸಾಧನ ಸಿಗುತ್ತದೆ. ಗುಂಡಿ ಒತ್ತಿದ ಕ್ಷಣವೇ ಅದೇ ಕೋಣೆ ಹಿಂದಿನ ಕಾಲಕ್ಕೆ ಹೊರಳುತ್ತದೆ: ಬೆಂಕಿ, ಕಾಡುಮೃಗಗಳಿದ್ದಲ್ಲಿ ಈಗ ಕಾವಲುಗಾರರು. ಜಿಗಿತದ ನಡುವೆಯೇ ಕಾಲ ಬದಲಿಸಿ, ಈ ಕಾಲದಲ್ಲಿ ಇಲ್ಲದ ಗೋಡೆಯನ್ನು ಆ ಕಾಲದಲ್ಲಿ ಹಿಡಿಯಬೇಕು. ಇಂಥ ಅದ್ಭುತ ಸಾಧನವನ್ನು ಆಟ ರೂಪಿಸಿದವರು ಆ ಹಂತ ಮುಗಿಯುತ್ತಲೇ ಹಿಂದಕ್ಕೆ ಪಡೆದುಬಿಡುತ್ತಾರೆ. ಒಂದೇ ಕಲ್ಪನೆಯನ್ನು ಇಡೀ ಆಟಕ್ಕೆ ಎಳೆದು ಸವೆಸದ ಈ ಸಂಯಮ ನನಗೆ ಬಹಳ ಇಷ್ಟ. ಇಡೀ ಕತೆ ಒಂದೆರಡು ರಜಾದಿನಗಳಲ್ಲಿ ಮುಗಿದುಹೋಗುತ್ತದೆ ಎಂಬ ದೂರು ಇದೆ; ನನಗಂತೂ ಕಡಿಮೆ ಎನಿಸಲಿಲ್ಲ.

ಆನ್‌ಲೈನ್‌ನಲ್ಲಿ ‘ಅಟ್ರಿಷನ್’ ಎಂಬ ಆಟದ ಬಗೆಯಿಂದ ಶುರುಮಾಡಿ. ಒಂದೊಂದು ಪಕ್ಷಕ್ಕೆ ಆರು ಜನ, ಜೊತೆಗೆ ಕಂಪ್ಯೂಟರ್ ನಡೆಸುವ ಸೈನಿಕರು. ಅವರನ್ನು ಹೊಡೆದರೂ ಅಂಕ ಸಿಗುವುದರಿಂದ ಹೊಸಬರು ತಂಡಕ್ಕೆ ಹೊರೆಯಾಗುವುದಿಲ್ಲ. ಹೊಸಬರ ಟೈಟನ್ ಕೂಡ ಆಕಾಶದಿಂದ ಇಳಿಯುತ್ತದೆ. ಆದರೂ ಹಳಬರು ಕೊಕ್ಕೆಹಗ್ಗ ಎಸೆದು ಕಣ್ಣಿಗೆ ಸಿಗದ ವೇಗದಲ್ಲಿ ಹಾದುಹೋಗುತ್ತಾರೆ; ಕೆಲವು ವಾರ ಸಾಯುತ್ತಲೇ ಕಲಿಯಬೇಕು. ಭಾರತದಿಂದ ಆಡುವವರು ಮುಖ್ಯ ಮೆನುವಿನಲ್ಲಿ ಡೇಟಾ ಸೆಂಟರ್‌ಗಳ ಪಿಂಗ್ (ಸಂಪರ್ಕದ ವಿಳಂಬ) ನೋಡಿ, ಕಡಿಮೆ ಇರುವುದನ್ನು ಆರಿಸಿಕೊಳ್ಳಿ. ನಡುರಾತ್ರಿ ದಾಟಿದರೆ ಎದುರಾಳಿಗಳಿಗಾಗಿ ಕಾಯಬೇಕಾಗುತ್ತದೆ.

ಬಿಡುಗಡೆಯ ನಂತರ ಬಂದ ನಕ್ಷೆಗಳಿಗೂ (ಹೋರಾಟದ ತಾಣಗಳಿಗೂ) ಏಳನೆಯ ಟೈಟನ್ ‘ಮೊನಾರ್ಕ್’ಗೂ ಬೇರೆ ಹಣ ಕೊಡಬೇಕಾಗಿಲ್ಲ. 2017ರಲ್ಲಿ ಸೇರಿದ ‘ಫ್ರಾಂಟಿಯರ್ ಡಿಫೆನ್ಸ್’ ಎಂಬ ಆಟದ ಬಗೆಯಲ್ಲಿ ನಾಲ್ವರು ಕೂಡಿ ಅಲೆಅಲೆಯಾಗಿ ಬರುವ ಶತ್ರುಗಳಿಂದ ಒಂದು ಯಂತ್ರವನ್ನು ಕಾಯಬೇಕು. ಪೈಪೋಟಿ ಬೇಡವಾದ ಸಂಜೆಗಳಲ್ಲಿ ನಾನು ಆಡುವುದು ಇದನ್ನೇ, ಅದೂ ಬೆಂಕಿಯುಗುಳುವ ‘ಸ್ಕಾರ್ಚ್’ ಟೈಟನ್ ಏರಿ.