ಮಂಡಕ್ಕಿ ಭಟ್ಟಿಯ ಓಣಿಗೆ ಬಂದ ಮಹಿಳಾ ವಾಸ್ತುಶಿಲ್ಪಿ: ನಮ್ಮ ಅನುಭವ

ದಾವಣಗೆರೆಯ ಮಂಡಕ್ಕಿ ಭಟ್ಟಿ ಪ್ರದೇಶದ ನಮ್ಮ 20×30 ನಿವೇಶನದಲ್ಲಿ ಮನೆ ಕಟ್ಟಲು ಊರಿನ ಮಹಿಳಾ ವಾಸ್ತುಶಿಲ್ಪಿಯೊಬ್ಬರ ಸೇವೆ ಪಡೆದೆವು. ನಕ್ಷೆ ಬರೆಯುವ ಮೊದಲು ಅವರು ಎರಡು ದಿನ ನಸುಕಿನಲ್ಲೇ ಬಂದು, ಭಟ್ಟಿಯ ಹೊಗೆ ಯಾವ ಕಡೆಗೆ ವಾಲುತ್ತದೆ, ಹೆಂಗಸರು ಕೊಡ ಹಿಡಿದು ನಲ್ಲಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತಾರೆ ಎಂಬುದನ್ನು ಕುಳಿತು ನೋಡಿದರು. ನಮ್ಮ ಅತ್ತೆಯವರನ್ನು ಗೋಡೆಯ ಪಕ್ಕ ನಿಲ್ಲಿಸಿ, ಅವರ ಕೈಗೆ ಒಗ್ಗುವಂತೆ ಅಡುಗೆಕಟ್ಟೆಯ ಎತ್ತರವನ್ನು 30 ಇಂಚಿಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿದರು; ಮನೆ ಕಟ್ಟುವ ವಿಷಯದಲ್ಲಿ ಅತ್ತೆಯವರ ಮಾತನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಗೋಡೆಗೆ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಜನಪ್ರಿಯಗೊಳಿಸಿದ, ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿ ನಡುವೆ ಪೊಳ್ಳು ಬಿಡುವ ವಿಧಾನವನ್ನು ಬಳಸಿದ್ದರಿಂದ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯಿತು, ಬೇಸಿಗೆಯ ಧಗೆಯೂ ತಗ್ಗಿತು. ಬಡವರ ವಸತಿಗಾಗಿ ದುಡಿದ ಪಾಕಿಸ್ತಾನದ ವಾಸ್ತುಶಿಲ್ಪಿ ಯಾಸ್ಮೀನ್ ಲಾರಿ ಅವರಿಗೆ 2023ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪ ಪ್ರಶಸ್ತಿಯಾದ ರಾಯಲ್ ಗೋಲ್ಡ್ ಮೆಡಲ್ ಸಂದಾಗ ಅವರ ಕೆಲಸದ ಬಗ್ಗೆ ಓದಿದ್ದರ ಅರ್ಥ ನನಗೆ ಆದದ್ದು ಈ ಗೋಡೆಯ ಮುಂದೆಯೇ.

ಗಾರೆಯವರಿಗೆ ಈ ವಿಧಾನ ಹೊಸದಾದ್ದರಿಂದ ಕೆಲಸ ಮೂರು ವಾರ ತಡವಾಯಿತು. ಮೊದಲೇ ಒಂದು ಮಾದರಿ ಗೋಡೆ ಕಟ್ಟಿಸಿ ತೋರಿಸಬೇಕಿತ್ತು. ಆದರೂ ನಮ್ಮ ವಾಸ್ತುಶಿಲ್ಪಿ ಹಟ ಹಿಡಿದು ಬೀದಿಗೆ ಬಿಡಿಸಿದ ಎರಡಡಿ ಜಗಲಿಯಲ್ಲಿ ಈಗ ಸಂಜೆ ಅಕ್ಕಪಕ್ಕದ ಹೆಂಗಸರು ಕುಳಿತು ಮಂಡಕ್ಕಿ ಕೇರುತ್ತಾರೆ.