ಎಚ್‌ಐವಿ ಪರೀಕ್ಷೆ: ಐಸಿಟಿಸಿಯಲ್ಲೋ, ಖಾಸಗಿ ಲ್ಯಾಬ್‌ನಲ್ಲೋ?

ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಪರೀಕ್ಷೆ ಉಚಿತ. ಮೊದಲೂ ನಂತರವೂ ಆಪ್ತಸಮಾಲೋಚಕರು ಕುಳಿತು ಮಾತನಾಡುತ್ತಾರೆ. ಖಾಸಗಿ ಲ್ಯಾಬ್‌ನಲ್ಲಿ ಹಣ ಕೊಡಬೇಕು, ವರದಿ ಹೆಚ್ಚಾಗಿ ಮೊಬೈಲ್‌ಗೆ ಬರುತ್ತದೆ. ಅದನ್ನು ಒಬ್ಬರೇ ಓದುವ ಗಳಿಗೆ ಬಹಳ ಕಷ್ಟದ್ದು. ಅದಕ್ಕೇ ನನ್ನ ಒಲವು ಐಸಿಟಿಸಿಯ ಕಡೆಗೆ. ನಿಮ್ಮ ಒಪ್ಪಿಗೆ, ಗೋಪ್ಯತೆ ಎರಡೂ ಕಡೆ 2017ರ ಎಚ್‌ಐವಿ/ಏಡ್ಸ್ ಕಾಯ್ದೆ ಕೊಟ್ಟ ಹಕ್ಕು.

ಹಲವು ಖಾಸಗಿ ಲ್ಯಾಬ್‌ಗಳಲ್ಲಿ ಸಿಗುವ ನಾಲ್ಕನೇ ತಲೆಮಾರಿನ ರಕ್ತಪರೀಕ್ಷೆ ವೈರಸ್‌ನ ಅಂಶವನ್ನೂ ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನೂ ನೋಡುತ್ತದೆ; ಸೋಂಕನ್ನು ಸಾಮಾನ್ಯವಾಗಿ ಅಸುರಕ್ಷಿತ ಸಂಪರ್ಕವಾದ 18ರಿಂದ 45 ದಿನಗಳಲ್ಲಿ ಹಿಡಿಯುತ್ತದೆ. ಪ್ರತಿಕಾಯವನ್ನಷ್ಟೇ ನೋಡುವ ಕ್ಷಿಪ್ರ ಪರೀಕ್ಷೆಗೆ 23ರಿಂದ 90 ದಿನ ಬೇಕಾಗಬಹುದು. ಆದ್ದರಿಂದ ಮರುದಿನವೇ ‘ನೆಗೆಟಿವ್’ ಬಂತೆಂದು ನಿಶ್ಚಿಂತರಾಗಬೇಡಿ. ಗೊಂದಲವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಉಚಿತವಾಗಿ ಕರೆ ಮಾಡಿ.

ಅಸುರಕ್ಷಿತ ಸಂಪರ್ಕವಾಗಿ 72 ಗಂಟೆ ದಾಟಿಲ್ಲವೇ? ಆಯ್ಕೆಯ ಯೋಚನೆ ಆಮೇಲಿರಲಿ. ಸೋಂಕು ತಡೆಯುವ ಪಿಇಪಿ ಮಾತ್ರೆಗಾಗಿ ಈಗಲೇ ವೈದ್ಯರ ಬಳಿ ಹೋಗಿ.