ಖಡಕ್ ರೊಟ್ಟಿ ಅಂಗಡಿಗೆ ವಾಟ್ಸ್‌ಆ್ಯಪ್ ಬಿಸಿನೆಸ್: ಕೆಲಸಕ್ಕೆ ಬರುವುದೇನು, ಕೈಕೊಡುವುದೇನು

ಕಲಬುರಗಿಯಲ್ಲಿ ಮನೆ ಕಾರ್ಯಕ್ಕೆ ರೊಟ್ಟಿ ಬೇಕಾದವರು ಈಗ ಅಂಗಡಿಗೆ ಬರುವ ಮೊದಲೇ ಫೋನಿನಲ್ಲಿ ಕೇಳುತ್ತಾರೆ: 'ರೇಟ್ ಎಷ್ಟ್ರಿ? ನಾಳೆ ಮಧ್ಯಾಹ್ನಕ್ಕ ಇನ್ನೂರು ರೊಟ್ಟಿ ಆಗ್ತಾವೇನ್ರಿ?' ಕೈಯೆಲ್ಲ ಹಿಟ್ಟಾಗಿರುವಾಗ ಇಂಥ ಮೆಸೇಜಿಗೆ ಉತ್ತರ ಕೊಡುವುದು ತಡವಾದರೆ ಗಿರಾಕಿ ಇನ್ನೊಂದು ಅಂಗಡಿಗೆ ಹೋಗಿಬಿಡುತ್ತಾರೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೊಗರಿ ಬೇಳೆ ಮಾರುವ ಸಣ್ಣ ಅಂಗಡಿಗೆ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಎಷ್ಟು ಉಪಯೋಗ ಎಂಬುದನ್ನು ಈ ಕಣ್ಣಿನಿಂದಲೇ ನೋಡಬೇಕು. ಆ್ಯಪ್ ಉಚಿತ.

ಮೊದಲ ತಪ್ಪು ಆಗುವುದು ನಂಬರಿನಲ್ಲಿ. ಒಂದೇ ನಂಬರನ್ನು ಸಾದಾ ವಾಟ್ಸ್‌ಆ್ಯಪ್‌ನಲ್ಲೂ ಬಿಸಿನೆಸ್ ಆ್ಯಪ್‌ನಲ್ಲೂ ನಡೆಸಲು ಬರುವುದಿಲ್ಲ. ಮನೆಯ ನಂಬರನ್ನೇ ಕೊಟ್ಟರೆ ಬೀಗರ ಗ್ರೂಪು, ಮಕ್ಕಳ ಶಾಲೆಯ ಗ್ರೂಪು ಎಲ್ಲ ಅಂಗಡಿ ಆ್ಯಪ್‌ಗೆ ಬಂದು ಕೂಡುತ್ತವೆ, ಅವುಗಳ ಕೆಳಗೆ ಆರ್ಡರ್ ಹುಗಿದುಹೋಗುತ್ತದೆ. ಅಂಗಡಿಗೆಂದೇ ಇನ್ನೊಂದು ಸಿಮ್ ತೆಗೆದುಕೊಳ್ಳಿ. ಸ್ಥಿರ ದೂರವಾಣಿ ನಂಬರ್ ಇದ್ದರೂ ನಡೆಯುತ್ತದೆ; ಎಸ್‌ಎಂಎಸ್ ಬದಲು ಕರೆ ಬರುವ ಆಯ್ಕೆ ಒತ್ತಿದರೆ ಕೋಡ್ ಅನ್ನು ಧ್ವನಿಯಲ್ಲಿ ಹೇಳುತ್ತಾರೆ.

ಆ್ಯಪ್‌ನ ನಿಜವಾದ ಬೆಲೆ ಲೇಬಲ್‌ಗಳಲ್ಲಿದೆ, ಅಂದರೆ ಚಾಟ್‌ಗೆ ಅಂಟಿಸುವ ಹೆಸರಿನ ಗುರುತುಗಳಲ್ಲಿ. 20 ಲೇಬಲ್ ಮಾಡಿಕೊಳ್ಳಬಹುದು, ಅವು ಗಿರಾಕಿಗೆ ಕಾಣುವುದಿಲ್ಲ. 'ಹೊಸ ಆರ್ಡರ್', 'ಹಣ ಬಾಕಿ' ಮುಂತಾದವು ಮೊದಲೇ ಇರುತ್ತವೆ. ಅವುಗಳ ಜೊತೆಗೆ 'ಉದ್ರಿ', 'ಎಳ್ಳಮಾಸಿ' ಎಂದು ನಿಮ್ಮವೇ ಎರಡು ಸೇರಿಸಿ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಬ್ಬದ ಹಿಂದಿನ ವಾರ ಸಜ್ಜೆ ರೊಟ್ಟಿಗೆ ಬರುವ ಆರ್ಡರ್‌ಗಳಿಗೆಲ್ಲ ಆ ಲೇಬಲ್ ಹಾಕುತ್ತ ಹೋದರೆ, ಯಾರಿಗೆ ಎಷ್ಟು ಎಂಬುದು ಒಂದೇ ಕಡೆ ಸಿಗುತ್ತದೆ, ಹಿಟ್ಟು ಎಷ್ಟು ಬೀಸಿಸಬೇಕು ಎಂಬ ಲೆಕ್ಕವೂ ಹಿಂದಿನ ರಾತ್ರಿಯೇ ಮುಗಿಯುತ್ತದೆ. ಉದ್ರಿ ಪುಸ್ತಕವನ್ನು ಮಾತ್ರ ಬಿಡಬೇಡಿ: ಲೇಬಲ್ ಹೆಸರು ತೋರಿಸುತ್ತದೆ, ಮೊತ್ತ ಕೂಡುವುದಿಲ್ಲ.

ಕ್ವಿಕ್ ರಿಪ್ಲೈ ಎರಡನೆಯ ಲಾಭ. ದರಪಟ್ಟಿ, ಅಂಗಡಿಯ ಲೊಕೇಶನ್, ಇನ್ನೂರಕ್ಕಿಂತ ಹೆಚ್ಚು ರೊಟ್ಟಿಗೆ ಎಷ್ಟು ದಿನ ಮುಂಚೆ ಹೇಳಬೇಕು, ಮುಂಗಡ ಎಷ್ಟು: ಈ ನಾಲ್ಕನ್ನು ಒಮ್ಮೆ ಬರೆದಿಟ್ಟರೆ, ಸ್ಲ್ಯಾಶ್ ಚಿಹ್ನೆ ಒತ್ತಿ ಆರಿಸಿದರೆ ಸಾಕು, ಇಡೀ ಉತ್ತರ ಹೋಗುತ್ತದೆ. ಒಟ್ಟು 50 ಇಟ್ಟುಕೊಳ್ಳಬಹುದು, ಆದರೆ ಏಳೆಂಟು ದಾಟಿದರೆ ಹುಡುಕುವುದೇ ಒಂದು ಕೆಲಸ. ದರ ಬದಲಾದ ದಿನ ಇಲ್ಲಿಯೂ, ಸರಕಿನ ಫೋಟೋ ಮತ್ತು ದರ ತೋರಿಸುವ ಕ್ಯಾಟಲಾಗ್‌ನಲ್ಲಿಯೂ ತಿದ್ದಲೇಬೇಕು. ಒಂದು ಕಡೆ ಹಳೆಯ ದರ ಉಳಿದರೆ ಜಗಳ ಖಂಡಿತ.

ಕ್ಯಾಟಲಾಗ್‌ನಲ್ಲಿ 500 ಸರಕಿನವರೆಗೆ ಹಾಕಬಹುದು. ರೊಟ್ಟಿ ಅಂಗಡಿಗೆ ಹದಿನೈದು ಸಾಕು. ಫೋಟೋ ತೆಗೆಯುವಾಗ ಫ್ಲ್ಯಾಶ್ ಬೇಡ. ಅದರ ಬೆಳಕಿಗೆ ಜೋಳದ ರೊಟ್ಟಿ ಸುಣ್ಣ ಬಳಿದಂತೆ ಬಿಳಚಿಕೊಂಡು, ಬೆಂದ ಚುಕ್ಕೆಗಳು ಸುಟ್ಟ ಕಲೆಯಂತೆ ಕಾಣುತ್ತವೆ. ಬೆಳಿಗ್ಗೆ ಕಿಟಕಿ ಪಕ್ಕ ಕಂದು ಬಟ್ಟೆಯ ಮೇಲೆ ರೊಟ್ಟಿಯ ಅಟ್ಟಿ ಇಟ್ಟು, ಒಂದನ್ನು ಮುರಿದು ಅಂಚು ಕಾಣುವಂತೆ ತೆಗೆಯಿರಿ. ಎಷ್ಟು ತೆಳು, ಎಷ್ಟು ಗರಿಗರಿ ಎಂಬುದು ಆ ಮುರಿದ ಅಂಚಿನಲ್ಲೇ ತಿಳಿಯುತ್ತದೆ. ವಿವರದಲ್ಲಿ ಪ್ಯಾಕೆಟ್ಟಿಗೆ ಎಷ್ಟು ರೊಟ್ಟಿ, ಎಷ್ಟು ದಿನ ಇರುತ್ತದೆ, 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಬರೆಯಿರಿ. ಇಲ್ಲಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ ನಿಜ, ಆದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸದೆ ಆ ಮುದ್ರೆಯನ್ನು ಫೋಟೋಕ್ಕೆ ಅಂಟಿಸುವುದು ತಪ್ಪು.

ಹೆಚ್ಚು ಜನ ಮೋಸಹೋಗುವುದು ಬ್ರಾಡ್‌ಕಾಸ್ಟ್‌ನಲ್ಲಿ, ಅಂದರೆ ಒಂದೇ ಮೆಸೇಜನ್ನು ಒಮ್ಮೆಗೇ ಹಲವರಿಗೆ ಕಳಿಸುವುದರಲ್ಲಿ. ಒಂದು ಪಟ್ಟಿಗೆ 256 ಜನ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜ್ ಹೋಗುತ್ತದೆ, ಉಳಿದವರಿಗೆ ಹೋಗುವುದೇ ಇಲ್ಲ. ಪ್ಯಾಕೆಟ್ ಮೇಲೆ ಕ್ಯೂಆರ್ ಮುದ್ರಿಸಿದರೆ ಚಾಟ್ ತೆರೆಯುತ್ತದೆ, ಆದರೆ ಸ್ಕ್ಯಾನ್ ಮಾಡಿದ ಮಾತ್ರಕ್ಕೆ ನಂಬರ್ ಸೇವ್ ಆಗುವುದಿಲ್ಲ. ಆದ್ದರಿಂದ ಸ್ವಾಗತದ ಮೆಸೇಜಿನಲ್ಲೇ 'ನಮ್ಮ ನಂಬರ್ ಸೇವ್ ಮಾಡ್ಕೋರಿ, ಹಬ್ಬದ ಆರ್ಡರ್ ಯಾವಾಗ ಶುರು ಅಂತ ತಿಳಿಸ್ತೀವಿ' ಎಂದು ಸೇರಿಸಿ. ಈ ಮೆಸೇಜ್ ಹೊಸಬರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಮತ್ತೆ ಬಂದವರಿಗೆ, ತಾನಾಗಿಯೇ ಹೋಗುತ್ತದೆ. ಎಲ್ಲಿಂದಲೋ ತಂದ ನಂಬರ್‌ಗಳಿಗೆ ಒಂದೇ ಸಮನೆ ಮೆಸೇಜ್ ಕಳಿಸಿದರೆ ಜನ ಬ್ಲಾಕ್ ಮಾಡಿ ರಿಪೋರ್ಟ್ ಒತ್ತುತ್ತಾರೆ. ಕೊನೆಗೆ ಖಾತೆಯೇ ಬಂದ್ ಆಗಬಹುದು, ಜೊತೆಗೆ ಎಲ್ಲ ಆರ್ಡರ್ ಚಾಟೂ ಕೈತಪ್ಪುತ್ತದೆ.

ದಿನಕ್ಕೆ ನಾಲ್ಕೈದು ಆರ್ಡರ್ ಬರುವವರಿಗೆ ಸಾದಾ ವಾಟ್ಸ್‌ಆ್ಯಪ್ ಸಾಕು. ಇಪ್ಪತ್ತು ದಾಟಿದರೆ ಬಿಸಿನೆಸ್ ಆ್ಯಪ್‌ಗೆ ಬರುವುದೇ ಒಳ್ಳೆಯದು. ಆಗ ಒಂದು ಫೋನಿಗೆ ನಾಲ್ಕು ಬೇರೆ ಸಾಧನ ಜೋಡಿಸಬಹುದು: ಒಲೆಯ ಹತ್ತಿರ ಒಂದು, ಗಲ್ಲಾದ ಹತ್ತಿರ ಒಂದು. ಗಲ್ಲಾದಲ್ಲಿ ಕೂತವರಿಗೆ ಒಂದು ಕಟ್ಟುನಿಟ್ಟು ಹೇಳಿಡಿ: ಹಣ ಕಳಿಸಿದ ಸ್ಕ್ರೀನ್‌ಶಾಟ್ ಬಂತೆಂದು ಪ್ಯಾಕೆಟ್ ಕೊಡಬಾರದು. ಬ್ಯಾಂಕಿನ ಖಾತೆಯಲ್ಲಿ ಹಣ ಕಂಡ ಮೇಲೆಯೇ 'ಹಣ ಬಾಕಿ' ಲೇಬಲ್ ತೆಗೆಯಬೇಕು.